ಮನಸ್ಸು ನಿಲ್ಲದ ನಮಾಝಿಗೆ ಅರ್ಥವಿದೆಯೇ?

ಪ್ರಶ್ನೆ: ನಾನು ದಿನಕ್ಕೆ ಐದು ಹೊತ್ತೂ ನಮಾಝ್ ಮಾಡುತ್ತೇನೆ. ಆದರೆ ಕೈಕಟ್ಟಿ ನಿಂತ ಕೂಡಲೇ ಅಂಗಡಿಯ ಲೆಕ್ಕ, ಬ್ಯಾಂಕಿನ ಕಂತು, ಮಕ್ಕಳ ಶಾಲೆಯ ಶುಲ್ಕ ಒಂದೊಂದಾಗಿ ನೆನಪಿಗೆ ಬರುತ್ತವೆ. ಎಷ್ಟೋ ಸಲ ಮಾಡುತ್ತಿರುವುದು ಮೂರನೆಯ ರಕಅತ್ತೋ (ನಮಾಝಿನ ಒಂದು ಸುತ್ತು) ನಾಲ್ಕನೆಯದೋ ಎಂಬುದೇ ಮರೆತುಹೋಗುತ್ತದೆ. ಬಾಯಿ ಅರಬಿ ಹೇಳುತ್ತದೆ, ಮೈ ಬಾಗುತ್ತದೆ, ಮನಸ್ಸು ಮಾತ್ರ ಎಲ್ಲೋ ಇರುತ್ತದೆ. ಇಂಥ ನಮಾಝಿಗೆ ಆಧ್ಯಾತ್ಮಿಕವಾಗಿ ಏನಾದರೂ ಅರ್ಥವಿದೆಯೇ? ಇದಕ್ಕಿಂತ ಮನಸ್ಸು ಬಂದಾಗ ಒಮ್ಮೆ, ನನ್ನದೇ ಭಾಷೆಯಲ್ಲಿ, ಮನತುಂಬಿ ಪ್ರಾರ್ಥಿಸುವುದೇ ಲೇಸಲ್ಲವೇ?

ಉತ್ತರ: ಬಿಡದೆ ನಮಾಝ್ ಮಾಡುವವರಲ್ಲಿ ಈ ಪ್ರಶ್ನೆ ಒಮ್ಮೆಯೂ ಹುಟ್ಟದವರು ಅಪರೂಪ. ಕೆಲವರು ಬಾಯಿಬಿಟ್ಟು ಕೇಳುತ್ತಾರೆ. ಹೆಚ್ಚಿನವರು, ಕೇಳಿದರೆ ತಮ್ಮ ಈಮಾನಿನ, ಅಂದರೆ ವಿಶ್ವಾಸದ, ಬಗ್ಗೆಯೇ ಜನ ಅನುಮಾನಪಟ್ಟಾರೆಂಬ ಅಂಜಿಕೆಯಿಂದ ಒಳಗೇ ಇಟ್ಟುಕೊಳ್ಳುತ್ತಾರೆ. ಪ್ರಶ್ನೆಯ ಹಿಂದೆ ಒಂದು ತಿಳಿವಳಿಕೆ ಕೆಲಸ ಮಾಡುತ್ತಿದೆ: ಮೊದಲು ಮನಸ್ಸು ನೆಲೆಗೊಳ್ಳಬೇಕು, ಆಮೇಲೆ ಪ್ರಾರ್ಥನೆ, ನೆಲೆಗೊಳ್ಳದ ಮನಸ್ಸಿನ ಪ್ರಾರ್ಥನೆ ಬರೀ ಕವಾಯತು. ಇಸ್ಲಾಮಿನ ನಮಾಝ್ ಈ ಕ್ರಮವನ್ನು ಹಿಂದುಮುಂದು ಮಾಡಿದೆ. ಹೊತ್ತಾಯಿತೆಂದರೆ ಮೊದಲು ಮೈ ಬಂದು ನಿಲ್ಲಬೇಕು. ಮನಸ್ಸನ್ನು ಅದರ ಬೆನ್ನಿಗೆ ಕರೆತರುವುದು ನಮಾಝಿನ ಒಳಗೆ ನಡೆಯಬೇಕಾದ ಕೆಲಸ, ನಮಾಝಿಗೆ ಮೊದಲೇ ಮುಗಿಸಿಕೊಂಡು ಬರಬೇಕಾದ ಸಿದ್ಧತೆಯಲ್ಲ. ಹಾಗಾಗಿ ನಿಮ್ಮ ನಮಾಝಿಗೆ ಅರ್ಥವಿದೆ ಎಂಬುದೇ ನನ್ನ ಉತ್ತರ. ಆದರೆ ಆ ಅರ್ಥ ತಾನಾಗಿಯೇ ಕೈಗೆ ಬರುವುದಿಲ್ಲ ಎಂಬ ಮಾತನ್ನೂ ಜೊತೆಗೇ ಹೇಳಬೇಕಾಗುತ್ತದೆ, ಮತ್ತು ಈ ಎರಡನೆಯ ಭಾಗವನ್ನು ನಮ್ಮಲ್ಲಿ ಸಾಮಾನ್ಯವಾಗಿ ಮೆಲುದನಿಯಲ್ಲಿ ಹೇಳಿ ಮುಗಿಸಿಬಿಡುತ್ತೇವೆ.

ನಮಾಝಿನಲ್ಲಿ ಮನಸ್ಸು ಅಲೆಯುವುದು ಇಂದಿನ ಮೊಬೈಲ್ ಕಾಲದ ಕಾಯಿಲೆ ಎಂದು ಭಾವಿಸುವವರಿದ್ದಾರೆ. ಹದೀಸ್ (ಪ್ರವಾದಿಯವರ ನುಡಿ-ನಡೆಗಳ ವರದಿ) ಸಂಗ್ರಹಗಳನ್ನು ತೆರೆದು ನೋಡಿದರೆ ಪ್ರವಾದಿ ಮುಹಮ್ಮದ್(ಸ)ರ ಮದೀನಾದಲ್ಲೇ, ಅವರ ಹಿಂದೆ ಸಾಲಾಗಿ ನಿಂತವರಿಗೇ ಈ ತೊಂದರೆ ಇತ್ತೆಂಬುದು ಕಾಣುತ್ತದೆ. ಅಬೂ ಹುರೈರಾ ಅವರು ವರದಿ ಮಾಡಿರುವ, ಸಹೀಹ್ ಬುಖಾರಿ ಮತ್ತು ಸಹೀಹ್ ಮುಸ್ಲಿಮ್ ಎಂಬ ಎರಡೂ ಸಂಗ್ರಹಗಳಲ್ಲಿ ಇರುವ ಒಂದು ಹದೀಸಿನ ಪ್ರಕಾರ, ಅಝಾನ್ (ನಮಾಝಿನ ಕರೆ) ಕೇಳಿ ಓಡಿಹೋಗುವ ಶೈತಾನನು ಅದು ಮುಗಿದೊಡನೆ ಮರಳುತ್ತಾನೆ, ನಮಾಝ್ ಆರಂಭದ ಕರೆಯಾದ ಇಕಾಮತ್ ಆದಾಗ ಮತ್ತೆ ಓಡುತ್ತಾನೆ, ಅದೂ ಮುಗಿದ ಮೇಲೆ ಬಂದು ಮನುಷ್ಯನಿಗೂ ಅವನ ಮನಸ್ಸಿಗೂ ನಡುವೆ ನಿಂತು ‘ಇದನ್ನು ನೆನಪಿಸಿಕೋ, ಅದನ್ನು ನೆನಪಿಸಿಕೋ’ ಎನ್ನುತ್ತಾನೆ. ಅಲ್ಲಿಯವರೆಗೆ ನೆನಪೇ ಇರದಿದ್ದ ಸಂಗತಿಗಳು ಆಗ ಒಂದರ ಹಿಂದೊಂದು ಬರುತ್ತವೆ, ಕೊನೆಗೆ ಎಷ್ಟು ರಕಅತ್ ಆಯಿತೆಂಬುದೇ ಗೊತ್ತಾಗದಂತಾಗುತ್ತದೆ. ನೀವು ಬರೆದಿರುವುದು ಅಕ್ಷರಶಃ ಇದನ್ನೇ. ಹದೀಸ್ ಅಲ್ಲಿಗೇ ನಿಲ್ಲುವುದಿಲ್ಲ. ಹೀಗಾದವರು ಕೂತಲ್ಲಿಯೇ ಎರಡು ಸುಜೂದ್ (ಹಣೆ ನೆಲಕ್ಕಿಡುವುದು) ಹೆಚ್ಚಾಗಿ ಮಾಡಲಿ ಎನ್ನುತ್ತದೆ. ಮರೆವಿನ ಸುಜೂದ್ ಎಂದು ಕರೆಯಲಾಗುವ ಈ ವಿಧಿ ಇಂದಿಗೂ ಎಲ್ಲ ಮದ್‌ಹಬ್‌ಗಳಲ್ಲಿ (ಕರ್ಮಶಾಸ್ತ್ರದ ಪಂಥಗಳಲ್ಲಿ) ಇದೆ. ಒಂದು ಆರಾಧನೆಯ ನಿಯಮಾವಳಿಯೇ ಆರಾಧಕನ ಮನಸ್ಸು ತಪ್ಪಿಹೋಗುವುದನ್ನು ಮೊದಲೇ ಎಣಿಕೆಗೆ ತೆಗೆದುಕೊಂಡು, ಅದಕ್ಕೆಂದೇ ಒಂದು ವಿಧಿಯನ್ನು ಇರಿಸಿಕೊಂಡಿದೆ ಎಂಬುದನ್ನು ಗಮನಿಸಬೇಕು. ಏಕಾಗ್ರ ಮನಸ್ಸಿನವರಿಗೆ ಮಾತ್ರ ಮೀಸಲಾದ ಆರಾಧನೆಯಾಗಿದ್ದರೆ ಇಂಥ ವಿಧಿಗೆ ಜಾಗವೇ ಇರುತ್ತಿರಲಿಲ್ಲ.

ಮರೆವು ಪ್ರವಾದಿಯವರನ್ನೂ ಬಿಡಲಿಲ್ಲ. ಒಮ್ಮೆ ಮಧ್ಯಾಹ್ನದ ಮೇಲಿನ ನಾಲ್ಕು ರಕಅತ್‌ಗಳ ನಮಾಝನ್ನು ಅವರು ಎರಡಕ್ಕೇ ಮುಗಿಸಿ ಸಲಾಂ ಹೇಳಿದರು. ಸಾಲಿನಲ್ಲಿ ಅವರ ಆಪ್ತ ಸಂಗಾತಿಗಳಾದ ಅಬೂಬಕರ್ ಮತ್ತು ಉಮರ್ ಇದ್ದರೂ ಗೌರವದಿಂದಾಗಿ ಅವರಿಗೆ ಮಾತು ಹೊರಡಲಿಲ್ಲ. ಕೈಗಳು ಉದ್ದವಾಗಿದ್ದ ಕಾರಣಕ್ಕೆ ದುಲ್‌ಯದೈನ್ ಎಂದು ಕರೆಸಿಕೊಳ್ಳುತ್ತಿದ್ದ ಒಬ್ಬರು ಮುಂದೆ ಬಂದು, ‘ನಮಾಝನ್ನೇ ಕಿರಿದುಗೊಳಿಸಲಾಯಿತೇ, ಅಥವಾ ತಾವು ಮರೆತಿರೇ?’ ಎಂದು ಕೇಳಿದರು. ಉಳಿದವರನ್ನು ವಿಚಾರಿಸಿ ಖಚಿತಪಡಿಸಿಕೊಂಡ ಪ್ರವಾದಿಯವರು ಬಾಕಿ ಎರಡು ರಕಅತ್ ಪೂರೈಸಿ ಮರೆವಿನ ಸುಜೂದ್ ಮಾಡಿದರು. ಮತ್ತೊಂದು ಸಂದರ್ಭದಲ್ಲಿ ಅವರು, ತಾನೂ ನಿಮ್ಮಂತೆಯೇ ಮನುಷ್ಯ, ನೀವು ಮರೆಯುವಂತೆ ತಾನೂ ಮರೆಯುತ್ತೇನೆ, ಮರೆತಾಗ ನೆನಪಿಸಿ ಎಂದದ್ದನ್ನು ಇಬ್ನು ಮಸ್‌ಊದ್ ವರದಿ ಮಾಡಿದ್ದಾರೆ. ಅಬೂ ಜಹ್ಮ್ ಎಂಬವರು ಕೊಟ್ಟಿದ್ದ ಚಿತ್ತಾರದ ಹೊದಿಕೆಯನ್ನು ಹೊದ್ದು ನಮಾಝ್ ಮಾಡಿದಾಗ ಕಣ್ಣು ಅದರ ಮೇಲೆ ಹೋಯಿತೆಂದು, ಮುಗಿದೊಡನೆ ಅದನ್ನು ಹಿಂದಕ್ಕೆ ಕಳುಹಿಸಿ ಅದರ ಬದಲು ಚಿತ್ತಾರವಿಲ್ಲದ ಒರಟು ಹೊದಿಕೆಯೊಂದನ್ನು ಅವರಿಂದಲೇ ತರಿಸಿಕೊಂಡ ಘಟನೆಯೂ ಬುಖಾರಿಯಲ್ಲಿದೆ. ಖಲೀಫಾ ಉಮರ್ ಮಸೀದಿಯನ್ನು ಮರಳಿ ಕಟ್ಟಿಸುವಾಗ, ಜನರನ್ನು ಮಳೆಯಿಂದ ಕಾಪಾಡುವಂತೆ ಕಟ್ಟಿದರೆ ಸಾಕು, ಕೆಂಪು ಹಳದಿ ಬಣ್ಣ ಬಳಿದು ಅವರ ಮನಸ್ಸು ಕೆಡಿಸಬೇಡಿ ಎಂದು ಎಚ್ಚರಿಸಿದ್ದರು. ಗೋಡೆಯ ತುಂಬ ಮಿನುಗುವ ದೀಪ, ಮಿಹ್ರಾಬಿನ (ಇಮಾಮರು ನಿಲ್ಲುವ ಗೂಡಿನ) ಪಕ್ಕದಲ್ಲೇ ಓಡುವ ಅಕ್ಷರಗಳ ಡಿಜಿಟಲ್ ಫಲಕ ಇರಿಸಿಕೊಂಡು, ಆಮೇಲೆ ಖುತ್‌ಬಾದಲ್ಲಿ (ಶುಕ್ರವಾರದ ಪ್ರವಚನದಲ್ಲಿ) ಏಕಾಗ್ರತೆಯ ಬಗ್ಗೆ ಉಪದೇಶ ಕೊಡಿಸುವ ನಮ್ಮ ಮಸೀದಿ ಸಮಿತಿಗಳು ಈ ಮಾತನ್ನು ಒಮ್ಮೆ ಓದುವುದು ಒಳ್ಳೆಯದು.

ಇನ್ನು ನಮಾಝಿನ ರೂಪದ ಕಡೆ ಬರೋಣ. ಹೊರಗಿನಿಂದ ನೋಡುವವರಿಗೆ ಅದು ಒಂದೇ ತೆರನಾದ ಏಳುಬೀಳು. ಒಳಗಿನಿಂದ ನೋಡಿದರೆ, ಯಾವ ಭಂಗಿಯಲ್ಲೂ ಮನಸ್ಸು ತೂಕಡಿಸುವಷ್ಟು ಹೊತ್ತು ಬಿಡದ ರಚನೆ. ನಿಲ್ಲುವುದು, ಬಾಗುವುದು, ಮತ್ತೆ ನೆಟ್ಟಗಾಗುವುದು, ಹಣೆ ನೆಲಕ್ಕಿಡುವುದು, ಕೂರುವುದು, ಮತ್ತೊಮ್ಮೆ ಹಣೆ ಇಡುವುದು. ರುಕೂಅ್‌ನಿಂದ, ಅಂದರೆ ಬಾಗಿದ ಭಂಗಿಯಿಂದ, ನೆಟ್ಟಗಾಗುವಾಗಿನ ಒಂದು ವಾಕ್ಯವನ್ನು ಬಿಟ್ಟರೆ ಉಳಿದ ಪ್ರತಿ ಬದಲಾವಣೆಗೂ ‘ಅಲ್ಲಾಹು ಅಕ್ಬರ್’ ಎಂಬ ಒಂದೇ ಮಾತು. ನಾಲ್ಕು ರಕಅತ್‌ಗಳ ಒಂದು ನಮಾಝಿನಲ್ಲಿ ಈ ತಕ್ಬೀರ್ 22 ಸಲ ಬರುತ್ತದೆ. ಅಲ್ಲಾಹನು ಎಲ್ಲಕ್ಕಿಂತ ದೊಡ್ಡವನು ಎಂಬ ಆ ಮಾತು, ಆ ಕ್ಷಣದಲ್ಲಿ ಮನಸ್ಸು ಯಾವುದನ್ನು ದೊಡ್ಡದು ಮಾಡಿಕೊಂಡು ಕೂತಿದೆಯೋ ಅದಕ್ಕೆ ನೇರವಾಗಿ ಹೇಳುವ ಮಾತು. ಬ್ಯಾಂಕಿನ ಕಂತು ನೆನಪಾದ ಹೊತ್ತಿಗೆ ಸರಿಯಾಗಿ ರುಕೂಅ್‌ಗೆ ಹೋಗುವ ತಕ್ಬೀರ್ ಬಂದರೆ, ಅಲ್ಲಿ ಎದುರುಬದುರಾಗಿ ನಿಲ್ಲುವುದು ಈ ಎರಡೇ. ಇಪ್ಪತ್ತೆರಡು ಸಲ ಕರೆದದ್ದಕ್ಕೆ ಮನಸ್ಸು ಐದು ಸಲ ಓಗೊಟ್ಟಿತೆಂದರೆ, ಉಳಿದ ಹದಿನೇಳಕ್ಕಾಗಿ ದುಃಖಪಡುವುದು ಸರಿಯೇ; ಆದರೆ ಆ ಐದನ್ನು ಇಲ್ಲವೆನ್ನುವುದು ಸರಿಯಲ್ಲ.

ನಮಾಝಿನ ಅತಿ ಶ್ರೀಮಂತ ಜಾಗವೆಂದರೆ ಕುರ್‌ಆನಿನ ಮೊದಲ ಅಧ್ಯಾಯವಾದ ಫಾತಿಹಾ. ಏಳು ಆಯತ್‌ಗಳ (ವಚನಗಳ) ಈ ಅಧ್ಯಾಯವನ್ನು ಒಬ್ಬರೇ ನಮಾಝ್ ಮಾಡುವವರು ಕಡ್ಡಾಯದ ರಕಅತ್‌ಗಳಲ್ಲೇ ದಿನಕ್ಕೆ 17 ಸಲ ಹೇಳುತ್ತಾರೆ: ಬೆಳಗಿನ ಜಾವದ ಫಜ್ರ್‌ನಲ್ಲಿ ಎರಡು, ಮಧ್ಯಾಹ್ನದ ಝುಹ್ರ್ ಮತ್ತು ಸಂಜೆಗೆ ಮುಂಚಿನ ಅಸ್ರ್‌ನಲ್ಲಿ ನಾಲ್ಕು ನಾಲ್ಕು, ಸೂರ್ಯಾಸ್ತದ ಮಗ್ರಿಬ್‌ನಲ್ಲಿ ಮೂರು, ರಾತ್ರಿಯ ಇಶಾದಲ್ಲಿ ನಾಲ್ಕು. (ಇಮಾಮರ ಹಿಂದೆ ನಿಂತವರೂ ಅದನ್ನು ಓದಬೇಕೇ ಎಂಬಲ್ಲಿ ನಮ್ಮ ಕರಾವಳಿಯಲ್ಲಿ ಹೆಚ್ಚಾಗಿರುವ ಶಾಫಿಈ ಮದ್‌ಹಬ್‌ನವರಿಗೂ ಒಳನಾಡಿನ ಹನಫಿ ಮದ್‌ಹಬ್‌ನವರಿಗೂ ಭಿನ್ನಮತವಿದೆ; ಅದು ಇಲ್ಲಿಯ ವಿಷಯವಲ್ಲ.) ಸಹೀಹ್ ಮುಸ್ಲಿಮ್‌ನಲ್ಲಿರುವ ಒಂದು ಹದೀಸ್ ಈ ಫಾತಿಹಾವನ್ನೇ ನಮಾಝ್ ಎಂದು ಕರೆದು, ಅದನ್ನು ತನಗೂ ತನ್ನ ದಾಸನಿಗೂ ನಡುವೆ ಅರ್ಧರ್ಧವಾಗಿ ಹಂಚಿದ್ದೇನೆಂದು ಅಲ್ಲಾಹನು ಹೇಳಿದನೆನ್ನುತ್ತದೆ. ದಾಸನು ‘ಸಮಸ್ತ ಲೋಕಗಳ ಪಾಲಕನಿಗೆ ಸ್ತುತಿ’ ಎಂದಾಗ ‘ನನ್ನ ದಾಸನು ನನ್ನನ್ನು ಸ್ತುತಿಸಿದನು’ ಎಂಬ ಉತ್ತರ ಬರುತ್ತದೆ. ‘ಪರಮ ದಯಾಮಯ, ಕರುಣಾನಿಧಿ’ ಎಂದಾಗ ಒಂದು ಉತ್ತರ. ‘ಪ್ರತಿಫಲದ ದಿನದ ಒಡೆಯ’ ಎಂದಾಗ ಇನ್ನೊಂದು. ‘ನಿನ್ನನ್ನೇ ನಾವು ಆರಾಧಿಸುತ್ತೇವೆ, ನಿನ್ನಿಂದಲೇ ನೆರವು ಬೇಡುತ್ತೇವೆ’ ಎಂಬಲ್ಲಿಗೆ ಬಂದಾಗ, ಇದು ನನ್ನ ಮತ್ತು ನನ್ನ ದಾಸನ ನಡುವಿನದು, ಅವನು ಕೇಳಿದ್ದು ಅವನಿಗೆ ಉಂಟು ಎನ್ನುತ್ತಾನೆ. ಪ್ರವಾದಿಯವರು ಒಂದೊಂದು ಆಯತ್ತಿನ ಕೊನೆಗೂ ನಿಲ್ಲಿಸಿ ಓದುತ್ತಿದ್ದರೆಂದು ಅವರ ಪತ್ನಿ ಉಮ್ಮು ಸಲಮಾ ಹೇಳಿದ್ದಾರೆ. ಈ ಎರಡು ವರದಿಗಳನ್ನು ಜೊತೆಗಿಟ್ಟು ನೋಡಿದರೆ ಆ ನಿಲುಗಡೆ ಎಷ್ಟು ಬೆಲೆಯದೆಂದು ತಿಳಿಯುತ್ತದೆ. ಏಳು ಆಯತ್‌ಗಳನ್ನು ಒಂದೇ ಉಸಿರಿಗೆ ಹೇಳಿ ಮುಗಿಸುವವನು ಮಾತಾಡುತ್ತಿದ್ದಾನೆಯೇ ಹೊರತು, ಎದುರಿನವನಿಗೆ ಮಾತಾಡಲು ಎಡೆ ಕೊಡುತ್ತಿಲ್ಲ.

ಫಾತಿಹಾದ ಒಳಗೇ ಒಂದು ತಿರುವು ಇದೆ. ಮೊದಲ ಆಯತ್‌ಗಳಲ್ಲಿ ಮಾತು ಅಲ್ಲಾಹನ ಬಗ್ಗೆ ಇರುತ್ತದೆ, ಅವನು ಅಲ್ಲೆಲ್ಲೋ ಇರುವಂತೆ. ಇದ್ದಕ್ಕಿದ್ದಂತೆ ‘ನಿನ್ನನ್ನೇ’ ಎಂದು ಮಾತು ಅವನೊಂದಿಗೇ ಆರಂಭವಾಗುತ್ತದೆ. ಹಳೆಯ ವ್ಯಾಖ್ಯಾನಕಾರರು ಈ ತಿರುವಿನ ಮೇಲೆ ಬಹಳಷ್ಟು ಬರೆದಿದ್ದಾರೆ. ಸ್ತುತಿಸುತ್ತ ಸ್ತುತಿಸುತ್ತ ದೂರ ಕಡಿಮೆಯಾಗಿ, ಎದುರಿಗೇ ನಿಂತು ಮಾತಾಡುವ ಸ್ಥಿತಿ ಬರುತ್ತದೆಂಬುದು ಅದರ ಸಾರ. ಮತ್ತೆ, ಒಂಟಿಯಾಗಿ ಕೋಣೆಯಲ್ಲಿ ನಿಂತಿದ್ದರೂ ಹೇಳುವುದು ‘ನಾವು’ ಎಂದೇ. ‘ನನಗೆ ದಾರಿ ತೋರು’ ಎಂಬ ಮಾತು ಫಾತಿಹಾದಲ್ಲಿ ಇಲ್ಲ, ‘ನಮಗೆ’ ಎಂದೇ ಇದೆ. ಹಣ, ಆರೋಗ್ಯ, ಸಂತಾನ ಯಾವುದನ್ನೂ ಅದು ಬೇಡುವುದಿಲ್ಲ. ನೇರವಾದ ದಾರಿಯೊಂದನ್ನೇ ಬೇಡುತ್ತದೆ. ವ್ಯಾಪಾರ ಮಾಡುವವರಿಗೆ ಇದು ಮೋಡದ ಮೇಲಿನ ಮಾತಲ್ಲ. ಮಧ್ಯಾಹ್ನ ಝುಹ್ರ್‌ನಲ್ಲಿ ನಾಲ್ಕು ಸಲ ಇದನ್ನು ಬೇಡಿದವರು ಅರ್ಧ ಗಂಟೆಯ ನಂತರ ತೂಕದ ಮುಂದೆ, ಬಿಲ್ಲಿನ ಮುಂದೆ, ಗಿರಾಕಿಗೆ ಹೇಳುವ ಮಾತಿನ ಮುಂದೆ ನಿಂತಿರುತ್ತಾರೆ.

ಸುಜೂದ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಅದನ್ನು ಮಾಡಿದವರಿಗೆ ಗೊತ್ತು. ಹಣೆ, ಎರಡು ಅಂಗೈ, ಎರಡು ಮೊಣಕಾಲು, ಎರಡು ಪಾದಗಳು ಹೀಗೆ ಏಳು ಅಂಗಗಳು ನೆಲ ಮುಟ್ಟಬೇಕು. ಮೈ ಇದಕ್ಕಿಂತ ಕೆಳಗೆ ಹೋಗಲಾರದು ಎಂಬ ಆ ಸ್ಥಿತಿಯಲ್ಲಿ ನಾಲಿಗೆ ‘ಅತ್ಯುನ್ನತನಾದ ನನ್ನ ಪ್ರಭು ಪರಮಪಾವನನು’ ಎನ್ನುತ್ತದೆ. ದಾಸನು ತನ್ನ ಪ್ರಭುವಿಗೆ ಅತಿ ಹತ್ತಿರವಿರುವುದು ಸುಜೂದ್‌ನಲ್ಲಿರುವಾಗ, ಆದ್ದರಿಂದ ಅಲ್ಲಿ ಹೆಚ್ಚು ಹೆಚ್ಚು ಬೇಡಿಕೊಳ್ಳಿ ಎಂದು ಪ್ರವಾದಿಯವರು ಹೇಳಿದ್ದಾರೆ. ಫಾತಿಹಾದಲ್ಲಿ ಕೈತಪ್ಪಿದ ಮನಸ್ಸನ್ನು ಹಿಡಿಯಲು ಇದಕ್ಕಿಂತ ಒಳ್ಳೆಯ ಜಾಗ ನಮಾಝಿನಲ್ಲಿ ಇಲ್ಲ.

ಈಗ ನಿಮ್ಮ ಪ್ರಶ್ನೆಯ ಎರಡನೆಯ ಭಾಗ: ಮನಸ್ಸು ಬಂದಾಗ ಒಮ್ಮೆ ಮನತುಂಬಿ ಪ್ರಾರ್ಥಿಸುವುದೇ ಲೇಸಲ್ಲವೇ? ಹಾಗೆ ಪ್ರಾರ್ಥಿಸುವುದನ್ನು ಯಾರೂ ತಡೆದಿಲ್ಲ. ದುಆ, ಅಂದರೆ ಬೇಡಿಕೆಯ ಪ್ರಾರ್ಥನೆ, ಯಾವ ಹೊತ್ತಿನಲ್ಲೂ, ಯಾವ ಭಾಷೆಯಲ್ಲೂ, ನಿಂತೋ ಕೂತೋ ಮಲಗಿಯೋ ಮಾಡಬಹುದಾದದ್ದು. ನಡುರಾತ್ರಿ ಎದ್ದು ಮಾಡುವ ತಹಜ್ಜುದ್ ನಮಾಝೂ ಇದೆ. ಇವು ಐದು ಹೊತ್ತಿನ ನಮಾಝಿಗೆ ಬದಲಿಯಾಗಬಲ್ಲವೇ ಎಂಬುದು ಪ್ರಶ್ನೆ. ಮನಸ್ಸು ಸಾಮಾನ್ಯವಾಗಿ ಯಾವಾಗ ತಾನಾಗಿಯೇ ಪ್ರಾರ್ಥನೆಗೆ ಬರುತ್ತದೆ ಎಂಬುದನ್ನು ಸ್ವಲ್ಪ ಯೋಚಿಸಿ ನೋಡಿ. ಆಸ್ಪತ್ರೆಯ ಬಾಗಿಲಲ್ಲಿ, ಪರೀಕ್ಷೆಯ ಫಲಿತಾಂಶದ ಹಿಂದಿನ ರಾತ್ರಿ, ವ್ಯಾಪಾರ ಮುಳುಗುವ ಹೊತ್ತಿನಲ್ಲಿ. ಕುರ್‌ಆನಿನ 29ನೇ ಅಧ್ಯಾಯವಾದ ಅಲ್ ಅಂಕಬೂತ್ ಇದೇ ಚಿತ್ರವನ್ನು ಕೊಡುತ್ತದೆ. ಮಕ್ಕಾದ ಬಹುದೇವಾರಾಧಕರು ಹಡಗು ಹತ್ತಿದಾಗ ನಿಷ್ಠೆಯನ್ನೆಲ್ಲ ಅಲ್ಲಾಹನೊಬ್ಬನಿಗೇ ಮೀಸಲಿಟ್ಟು ಅವನನ್ನು ಕರೆಯುತ್ತಾರೆ, ಅವನು ಅವರನ್ನು ಪಾರುಮಾಡಿ ದಡಕ್ಕೆ ತಲುಪಿಸಿದೊಡನೆ ಹಿಂದಿನಂತಾಗುತ್ತಾರೆ. ಕಡಲ ಮೇಲೆ ಅವರು ಮಾಡಿದ ಪ್ರಾರ್ಥನೆಯಲ್ಲಿ ಏಕಾಗ್ರತೆಗೆ ಏನೂ ಕೊರತೆ ಇರಲಿಲ್ಲ. ಅದು ಪ್ರಾಮಾಣಿಕವೇ ಆಗಿತ್ತೆಂದು ಕುರ್‌ಆನೇ ಹೇಳುತ್ತದೆ. ಇಲ್ಲದೇ ಹೋದದ್ದು ದಡದ ಮೇಲಿನ ಪ್ರಾರ್ಥನೆ. ನಮಾಝಿನ ಬಗೆಗಿನ ಬಹಳ ಪ್ರಸಿದ್ಧವಾದ ವಚನವೊಂದು, ಮುಂದೆ ಅದನ್ನು ನೋಡಲಿದ್ದೇವೆ, ಇದೇ ಅಧ್ಯಾಯದಲ್ಲಿ ಇದಕ್ಕಿಂತ ಇಪ್ಪತ್ತು ವಚನಗಳ ಹಿಂದೆ ಬರುತ್ತದೆ. ಐದು ಹೊತ್ತಿನ ನಮಾಝ್ ಎಂಬುದು ದಡದಲ್ಲಿರುವ ಮನುಷ್ಯನಿಗಾಗಿ ಇರುವುದು: ಅಲೆ ಇಲ್ಲ, ಬಿರುಗಾಳಿ ಇಲ್ಲ, ಅಂಗಡಿಯಲ್ಲಿ ಗಿರಾಕಿ ಇದ್ದಾರೆ, ಕಣ್ಣಲ್ಲಿ ನಿದ್ದೆ ಇದೆ, ಅಲ್ಲಾಹನ ಅಗತ್ಯ ಬಿದ್ದಿದೆಯೆಂದು ಅನಿಸುವಂಥ ಯಾವ ಕಾರಣವೂ ಕಣ್ಣೆದುರು ಇಲ್ಲ.

ಅದಕ್ಕಾಗಿಯೇ ಹೊತ್ತನ್ನು ನಮ್ಮ ಮನಸ್ಸಿಗೆ ಬಿಡದೆ ಸೂರ್ಯನ ಚಲನೆಗೆ ಕಟ್ಟಲಾಗಿದೆ. ನಮಾಝ್ ವಿಶ್ವಾಸಿಗಳ ಮೇಲೆ ನಿಗದಿತ ಸಮಯಗಳೊಂದಿಗೆ ಕಡ್ಡಾಯವಾಗಿದೆ ಎಂದು ಕುರ್‌ಆನ್ (4:103) ಹೇಳುತ್ತದೆ. ಕಾಯಿಲೆ ಬಿದ್ದವರಿಗೆ ಕೂತು ಮಾಡಲು, ಕೂರಲಾಗದಿದ್ದರೆ ಮಲಗಿ ಮಾಡಲು ಅನುಮತಿ ಇದೆ. ಪ್ರಯಾಣಿಕರಿಗೆ ನಾಲ್ಕು ರಕಅತ್ ಎರಡಾಗುತ್ತದೆ. ನಿದ್ದೆಯಿಂದಲೋ ಮರೆವಿನಿಂದಲೋ ತಪ್ಪಿದವರು ನೆನಪಾದಾಗ ಮಾಡಬಹುದು. ಇಷ್ಟೆಲ್ಲ ಸಡಿಲಿಕೆ ಇದ್ದರೂ ‘ಮನಸ್ಸಿಲ್ಲ’ ಎಂಬ ಕಾರಣಕ್ಕೆ ಸಡಿಲಿಕೆ ಇಲ್ಲ. ಅಲ್ಲಾಹನಿಗೆ ಬಹಳ ಪ್ರಿಯವಾದ ಕೆಲಸವೆಂದರೆ ಸ್ವಲ್ಪವೇ ಆದರೂ ನಿರಂತರವಾಗಿ ನಡೆಯುವಂಥದ್ದು ಎಂದು ಪ್ರವಾದಿಯವರು ಹೇಳಿದ್ದನ್ನು ಅವರ ಪತ್ನಿ ಆಯಿಶಾ ವರದಿ ಮಾಡಿದ್ದಾರೆ. ಮನಸ್ಸು ಬಂದಾಗ ಮಾತ್ರ ಪ್ರಾರ್ಥಿಸುವವರಲ್ಲಿ ಪ್ರಾರ್ಥನೆಯ ಒಡೆಯ ಯಾರು ಎಂಬುದನ್ನೂ ಕೇಳಿಕೊಳ್ಳಬೇಕು. ಅಲ್ಲಿ ಮನಸ್ಸಿನ ಅಪ್ಪಣೆ ನಡೆಯುತ್ತಿದೆ. ಬೆಳಗಿನ ಜಾವ ಮನಸ್ಸು ಬೇಡವೆಂದರೂ ಏಳುವ ಮೈ, ಆ ಒಂದು ಹೊತ್ತಿನ ಮಟ್ಟಿಗಾದರೂ, ಬೇರೊಬ್ಬನ ಅಪ್ಪಣೆಯಲ್ಲಿ ನಿಂತಿರುತ್ತದೆ. ಆಗ ಒಳಗೆ ಯಾವ ಭಾವವೂ ಉಕ್ಕದಿದ್ದರೂ ಆ ಏಳುವಿಕೆಯೇ ಒಂದು ಮಾತು.

ಭಾಷೆಯ ವಿಷಯದಲ್ಲಿ ನಿಮ್ಮ ಅಳಲು ನ್ಯಾಯವಾದದ್ದು. ಕರ್ನಾಟಕದ ಮುಸ್ಲಿಮರು ಮನೆಯಲ್ಲಿ ದಖನಿ ಉರ್ದು, ಬ್ಯಾರಿ, ನವಾಯತಿ, ಕನ್ನಡ ಮಾತಾಡುತ್ತಾರೆ. ಉತ್ತರ ಕರ್ನಾಟಕದ ನದಾಫರಂಥವರ ಎಷ್ಟೋ ಮನೆಗಳಲ್ಲಿ ಕನ್ನಡವೇ ತಾಯ್ನುಡಿ. ಅರಬಿ ಇಲ್ಲಿ ಯಾರ ಮನೆಮಾತೂ ಅಲ್ಲ. ಹೀಗಿದ್ದೂ ನಮಾಝಿನ ಕುರ್‌ಆನ್ ಓದು ಅರಬಿಯಲ್ಲೇ ಇರಬೇಕೆಂಬುದು ಮದ್‌ಹಬ್‌ಗಳ ನಿಲುವು. ಹನಫಿ ಮದ್‌ಹಬ್‌ನ ಮೂಲಪುರುಷ ಇಮಾಮ್ ಅಬೂ ಹನೀಫಾ ಒಂದು ಕಾಲದಲ್ಲಿ ಪಾರಸಿಯಲ್ಲಿ ಓದುವುದಕ್ಕೆ ಅನುಮತಿ ಕೊಟ್ಟಿದ್ದರೂ ಅವರ ಶಿಷ್ಯರಾದ ಅಬೂ ಯೂಸುಫ್ ಮತ್ತು ಮುಹಮ್ಮದ್ ಅದನ್ನು ಅರಬಿ ಉಚ್ಚರಿಸಲು ಬಾರದವರಿಗೆ ಮಾತ್ರ ಸೀಮಿತಗೊಳಿಸಿದರು. ಒಂದೇ ಮಾತು ಎಲ್ಲ ಕಡೆ ಒಂದೇ ರೀತಿ ಉಳಿದುಬಂದದ್ದರಿಂದ ಭಟ್ಕಳದವರು ಜಕಾರ್ತಾದಲ್ಲಿ ಸಾಲಿಗೆ ಸೇರಿದರೂ ಹೊರಗಿನವರಾಗುವುದಿಲ್ಲ ಎಂಬುದು ನಿಜ. ಆದರೆ ಈ ಲಾಭವನ್ನೇ ಹೇಳಿ ಅರ್ಥ ತಿಳಿಯದಿರುವುದನ್ನು ಸಮರ್ಥಿಸಿಕೊಳ್ಳುವುದು ಸೋಮಾರಿತನ. ಮದ್ರಸಾಗಳಲ್ಲಿ ನಾವು ಅಕ್ಷರದ ಉಚ್ಚಾರಕ್ಕೆ ಕೊಟ್ಟ ಮಹತ್ವದ ಕಾಲು ಭಾಗವನ್ನೂ ಅರ್ಥಕ್ಕೆ ಕೊಡಲಿಲ್ಲವೆಂಬುದು ನನ್ನ ಅನಿಸಿಕೆ. ನಮಾಝಿನಲ್ಲಿ ನಿತ್ಯ ಹೇಳುವ ಮಾತುಗಳೆಷ್ಟು? ತಕ್ಬೀರ್, ಆರಂಭದ ದುಆ, ಫಾತಿಹಾ, ರುಕೂಅ್ ಮತ್ತು ಸುಜೂದ್‌ನ ತಸ್‌ಬೀಹ್‌ಗಳು (ಸ್ತುತಿವಾಕ್ಯಗಳು), ಕೂತಾಗ ಹೇಳುವ ತಶಹ್ಹುದ್ ಎಂಬ ಸಾಕ್ಷ್ಯವಚನ, ಪ್ರವಾದಿಯವರ ಮೇಲಿನ ಸಲಾತ್ (ಹಾರೈಕೆ), ಕೊನೆಯಲ್ಲಿ ಬಲಕ್ಕೂ ಎಡಕ್ಕೂ ಸಲಾಂ. ಎರಡು ಪುಟದಲ್ಲಿ ಹಿಡಿಸುವ ಸಂಗತಿ. ಕುರ್‌ಆನಿನ ಕನ್ನಡ ಅನುವಾದಗಳು ಸುಲಭವಾಗಿ ಸಿಗುತ್ತವೆ. ಚಿಕ್ಕ ಸೂರಾಗಳ (ಕುರ್‌ಆನಿನ ಅಧ್ಯಾಯಗಳ) ಅರ್ಥವನ್ನೂ ಸೇರಿಸಿ ಒಂದು ರಮಝಾನ್ ತಿಂಗಳಲ್ಲಿ ಇದನ್ನು ಕಲಿತುಬಿಡಬಹುದು.

ಇಲ್ಲಿಯವರೆಗೆ ಹೇಳಿದ್ದು ನಿಮಗೆ ಧೈರ್ಯ ಕೊಡುವ ಭಾಗ. ಇನ್ನೊಂದು ಭಾಗ ಅಷ್ಟು ಹಿತವಾಗಿಲ್ಲ. ಒಬ್ಬರು ನಮಾಝ್ ಮುಗಿಸಿ ಹೊರಡುತ್ತಾರೆ, ಅವರ ಪಾಲಿಗೆ ಅದರ ಹತ್ತನೆಯ ಒಂದಂಶವಷ್ಟೇ ಬರೆಯಲಾಗಿರುತ್ತದೆ, ಇನ್ನೊಬ್ಬರಿಗೆ ಒಂಬತ್ತನೆಯ ಒಂದಂಶ, ಮತ್ತೊಬ್ಬರಿಗೆ ಎಂಟನೆಯದು, ಹೀಗೆ ಅರ್ಧದವರೆಗೆ ಎಂದು ಅಮ್ಮಾರ್ ಬಿನ್ ಯಾಸಿರ್ ವರದಿ ಮಾಡಿದ ಹದೀಸ್ ಹೇಳುತ್ತದೆ. ಕರ್ಮಶಾಸ್ತ್ರದ ದೃಷ್ಟಿಯಲ್ಲಿ ನಿಮ್ಮ ನಮಾಝ್ ಸಿಂಧು, ಮತ್ತೆ ಮಾಡಬೇಕಾಗಿಲ್ಲ. ಆದರೆ ಸಿಂಧುವಾದದ್ದೆಲ್ಲ ತುಂಬಿದ್ದಲ್ಲ. ಧರ್ಮವಿದ್ವಾಂಸ ಇಮಾಮ್ ಗಝಾಲಿ (1058–1111) ತಮ್ಮ ‘ಇಹ್ಯಾ ಉಲೂಮಿದ್ದೀನ್’ನ ನಮಾಝಿನ ಅಧ್ಯಾಯದಲ್ಲಿ ಈ ವಿಷಯದಲ್ಲಿ ಬಹಳ ಕಟುವಾಗಿದ್ದಾರೆ. ಮದ್ಯ ನಿಷೇಧಕ್ಕೆ ಮೊದಲು, ಅಮಲಿನಲ್ಲಿರುವಾಗ ನೀವು ಹೇಳುತ್ತಿರುವುದು ನಿಮಗೆ ತಿಳಿಯುವವರೆಗೆ ನಮಾಝಿನ ಹತ್ತಿರ ಹೋಗಬೇಡಿ ಎಂದು ಕುರ್‌ಆನ್ (4:43) ಹೇಳಿತ್ತು. ಗಝಾಲಿ ಕೇಳುತ್ತಾರೆ: ಒಂದು ಹನಿ ಮದ್ಯ ಕುಡಿಯದೆಯೂ ತಾನು ಹೇಳುತ್ತಿರುವುದೇನೆಂದು ತಿಳಿಯದ ನಮಾಝಿಗಳು ಎಷ್ಟು ಮಂದಿ ಇಲ್ಲ? ಲೋಕದ ಚಿಂತೆಯೂ ಒಂದು ಅಮಲೇ. ನಮಾಝಿನ ಒಳಜೀವಕ್ಕೆ ಅವರು ಆರು ಸಂಗತಿಗಳನ್ನು ಎಣಿಸುತ್ತಾರೆ: ಹೃದಯದ ಹಾಜರಿ, ಅರ್ಥದ ಅರಿವು, ಮಹಿಮೆಯ ಭಾವ, ಆ ಮಹಿಮೆಯಿಂದ ಹುಟ್ಟುವ ಭಯ, ಭರವಸೆ, ಮತ್ತು ತನ್ನ ಕೊರತೆಯ ಬಗ್ಗೆ ನಾಚಿಕೆ. ಚಂಚಲತೆಯ ಬೇರು ಎಲ್ಲಿದೆ ಎಂಬುದಕ್ಕೆ ಅವರು ಕೊಡುವ ದೃಷ್ಟಾಂತ ಇಂದಿಗೂ ಹಳೆಯದಾಗಿಲ್ಲ. ಮರದ ಕೆಳಗೆ ಕೂತು ಯೋಚಿಸಬೇಕೆಂದ ಒಬ್ಬನಿಗೆ ಗುಬ್ಬಚ್ಚಿಗಳ ಚಿಲಿಪಿಲಿ ಅಡ್ಡಿಯಾಗುತ್ತದೆ; ಕೋಲು ಹಿಡಿದು ಓಡಿಸುತ್ತಾನೆ, ಕೂತೊಡನೆ ಅವು ಮತ್ತೆ ಬರುತ್ತವೆ. ಇದಕ್ಕೆ ಕೊನೆಯಿಲ್ಲ, ಬಿಡುಗಡೆ ಬೇಕಿದ್ದರೆ ಮರವನ್ನೇ ಕಡಿ ಎಂದು ಅವನಿಗೆ ಯಾರೋ ಹೇಳುತ್ತಾರೆ. ಮರವೆಂದರೆ ಲೋಕದ ಮೇಲಿನ ಆಸೆ, ಗುಬ್ಬಚ್ಚಿಗಳೆಂದರೆ ಅದರ ಕೊಂಬೆಗಳಲ್ಲಿ ಬಂದು ಕೂರುವ ಯೋಚನೆಗಳು.

ಗಝಾಲಿಯವರ ಮೇಲಿನ ಗೌರವವನ್ನು ಇಟ್ಟುಕೊಂಡೇ ಹೇಳುವುದಾದರೆ, ಸಂಸಾರ, ಸಾಲ, ಅಂಗಡಿ ಇರುವವರು ಮರವನ್ನು ಬುಡಸಮೇತ ಕಡಿಯಲಾರರು. ಅಂಥವರಿಗೆ ಹೆಚ್ಚು ಹತ್ತಿರವೆಂದು ನನಗೆ ಅನಿಸುವುದು 1350ರಲ್ಲಿ ದಮಾಸ್ಕಸಿನಲ್ಲಿ ತೀರಿಕೊಂಡ ವಿದ್ವಾಂಸ ಇಬ್ನುಲ್ ಕೈಯಿಮ್ ಅವರ ವಿಂಗಡಣೆ. ನಮಾಝ್ ಮಾಡುವವರಲ್ಲಿ ಅವರು ಐದು ದರ್ಜೆಗಳನ್ನು ಕಾಣುತ್ತಾರೆ. ವುಝೂ (ನಮಾಝಿಗೆ ಮುಂಚಿನ ಅಂಗಶುದ್ಧಿ), ಹೊತ್ತು, ವಿಧಿ ಎಲ್ಲದರಲ್ಲೂ ಉಪೇಕ್ಷೆ ಮಾಡುವವರು ಮೊದಲ ದರ್ಜೆ. ಹೊರಗಿನದನ್ನೆಲ್ಲ ಸರಿಯಾಗಿ ಮಾಡಿ, ಒಳಗೆ ಯೋಚನೆಗಳ ಕೈಗೆ ತಮ್ಮನ್ನು ಒಪ್ಪಿಸಿಬಿಟ್ಟವರು ಎರಡನೆಯದು. ನಾಲ್ಕನೆಯ, ಐದನೆಯ ದರ್ಜೆಯವರು ನಮಾಝಿನಲ್ಲಿ ಪೂರ್ತಿ ಮುಳುಗಿದವರು, ಅವರ ಮಾತು ಬೇರೆ. ಮೂರನೆಯವರು ಹೊರಗಿನದನ್ನೂ ಸರಿಯಾಗಿ ಮಾಡುತ್ತಾರೆ, ಒಳಗೆ ನುಗ್ಗುವ ಯೋಚನೆಗಳೊಂದಿಗೂ ಹೋರಾಡುತ್ತಿರುತ್ತಾರೆ, ತಮ್ಮ ನಮಾಝನ್ನು ಕಳ್ಳನು ಕದ್ದೊಯ್ಯದಂತೆ ಕಾಯುತ್ತಿರುತ್ತಾರೆ. ಇವರು ಏಕಕಾಲಕ್ಕೆ ನಮಾಝಿನಲ್ಲೂ ಜಿಹಾದ್‌ನಲ್ಲೂ ಇರುತ್ತಾರೆ, ಇವರ ಪಾಪಗಳು ತೊಳೆದುಹೋಗುತ್ತವೆ ಎನ್ನುತ್ತಾರೆ ಇಬ್ನುಲ್ ಕೈಯಿಮ್. ಎರಡನೆಯ ದರ್ಜೆಗೂ ಮೂರನೆಯದಕ್ಕೂ ಇರುವ ಅಂತರವನ್ನು ಗಮನಿಸಿ. ಇಬ್ಬರ ತಲೆಯಲ್ಲೂ ಬರುವ ಯೋಚನೆಗಳು ಅವೇ ಇರಬಹುದು, ಅಷ್ಟೇ ಇರಬಹುದು. ಒಬ್ಬರು ಅವುಗಳ ಜೊತೆ ಹೊರಟುಬಿಡುತ್ತಾರೆ, ಇನ್ನೊಬ್ಬರು ಮರಳುತ್ತಾರೆ. ಇಂಥ ಪ್ರಶ್ನೆ ಕೇಳಬೇಕೆನಿಸಿದವರು ಎರಡರಿಂದ ಮೂರಕ್ಕೆ ಈಗಾಗಲೇ ಒಂದು ಕಾಲಿಟ್ಟಿದ್ದಾರೆ.

ಇದಕ್ಕೆ ಕೈಯಳತೆಯ ಉಪಾಯಗಳೂ ಹದೀಸ್‌ಗಳಲ್ಲೇ ಇವೆ, ಮತ್ತು ಅವು ಅಚ್ಚರಿಯಾಗುವಷ್ಟು ಸರಳವಾಗಿವೆ. ಊಟ ಬಡಿಸಿಟ್ಟಿರುವಾಗ ಮೊದಲು ಉಣ್ಣಿ. ಮಲಮೂತ್ರದ ಒತ್ತಡವಿರುವಾಗ ನಿಲ್ಲಬೇಡಿ. ರಾತ್ರಿಯ ಐಚ್ಛಿಕ ನಮಾಝಿನಲ್ಲಿ ತೂಕಡಿಕೆ ಬಂದರೆ ಮಲಗಿ. ಅವಸರವಾಗಿ ನಮಾಝ್ ಮುಗಿಸಿ ಬಂದು ಸಲಾಂ ಹೇಳಿದವರೊಬ್ಬರನ್ನು ಪ್ರವಾದಿಯವರು ‘ಹೋಗಿ ನಮಾಝ್ ಮಾಡು, ನೀನು ನಮಾಝ್ ಮಾಡಿಲ್ಲ’ ಎಂದು ಮೂರು ಸಲ ಹಿಂದಕ್ಕೆ ಕಳುಹಿಸಿ, ಕೊನೆಗೆ ಕಲಿಸಿಕೊಟ್ಟದ್ದು ಮುಖ್ಯವಾಗಿ ಒಂದನ್ನೇ: ಪ್ರತಿಯೊಂದು ಭಂಗಿಯಲ್ಲೂ ಮೈ ನೆಮ್ಮದಿಯಾಗಿ ನೆಲೆಗೊಳ್ಳುವವರೆಗೆ ನಿಲ್ಲು. ಮನಸ್ಸು ನಮ್ಮ ಕೈಯಲ್ಲಿಲ್ಲದಿರಬಹುದು, ಬೆನ್ನು ಇದೆ. ಅದನ್ನು ನಿಧಾನ ಮಾಡಿದರೆ ಮನಸ್ಸು ಅರ್ಧ ದಾರಿಗಾದರೂ ಬರುತ್ತದೆ. ನಿತ್ಯ ಅದೇ ಎರಡು ಚಿಕ್ಕ ಸೂರಾಗಳನ್ನು ಓದುವ ಅಭ್ಯಾಸವಿದ್ದರೆ ಬದಲಾಯಿಸಿ, ನಾಲಿಗೆಗೆ ರೂಢಿಯಾದದ್ದನ್ನು ಮನಸ್ಸು ಕೇಳಿಸಿಕೊಳ್ಳುವುದಿಲ್ಲ. ರಕಅತ್ ಎಣಿಕೆಯಲ್ಲಿ ಮೂರೋ ನಾಲ್ಕೋ ಎಂಬ ಸಂಶಯ ಬಂದರೆ ಮೂರೆಂದೇ ಹಿಡಿದು ಮುಂದುವರಿಸಿ, ಕೊನೆಯಲ್ಲಿ ಮರೆವಿನ ಸುಜೂದ್ ಮಾಡುವುದು ಸಹೀಹ್ ಮುಸ್ಲಿಮ್‌ನಲ್ಲಿ ಬಂದಿರುವ ಕ್ರಮ; ಪದೇ ಪದೇ ಸಂಶಯ ಬರುವವರು ಮನಸ್ಸಿಗೆ ಬಲವಾಗಿ ತೋರಿದ ಎಣಿಕೆಯಂತೆ ನಡೆಯಬಹುದೆಂದು ಹನಫಿಗಳು ಹೇಳುತ್ತಾರೆ. ಆದರೆ ವುಝೂ ಸರಿಯಾಯಿತೇ, ತಕ್ಬೀರ್ ಸರಿಯಾಯಿತೇ ಎಂದು ಮತ್ತೆ ಮತ್ತೆ ಮಾಡುವ ಮಟ್ಟಕ್ಕೆ ಸಂಶಯ ಹೋಗಿದ್ದರೆ ಅದು ಭಕ್ತಿಯಲ್ಲ, ವಸ್ವಾಸ್ ಎಂಬ ಗೀಳು. ಅಂಥ ಸಂಶಯಕ್ಕೆ ಕಿವಿಗೊಡಲೇಬಾರದೆಂಬುದು ವಿದ್ವಾಂಸರ ಮಾತು, ಅದು ಬದುಕನ್ನೇ ಹಿಡಿದು ಕಾಡುತ್ತಿದ್ದರೆ ಮನೋವೈದ್ಯರನ್ನು ಕಾಣುವುದರಲ್ಲಿ ಯಾವ ಸಂಕೋಚವೂ ಬೇಡ.

ಕೊನೆಯದಾಗಿ, ನಮಾಝ್ ಫಲಿಸಿತೇ ಎಂಬುದನ್ನು ಎಲ್ಲಿ ನೋಡಬೇಕು? ನಮಾಝಿನೊಳಗೆ ಎಷ್ಟು ಕಣ್ಣೀರು ಬಂತು, ಎಷ್ಟು ಶಾಂತಿ ಸಿಕ್ಕಿತು ಎಂಬುದರಲ್ಲಿ ನಾವು ಅದನ್ನು ಹುಡುಕುತ್ತೇವೆ. ಕುರ್‌ಆನ್ ನಮಾಝಿನ ಹೊರಗೆ ನೋಡುತ್ತದೆ. ಆಗಲೇ ಹೇಳಿದ ಅಲ್ ಅಂಕಬೂತ್ ಅಧ್ಯಾಯದ 45ನೇ ವಚನದ ಪ್ರಕಾರ ನಮಾಝ್ ಅಶ್ಲೀಲದಿಂದಲೂ ಕೆಡುಕಿನಿಂದಲೂ ತಡೆಯುತ್ತದೆ, ಅಲ್ಲಾಹನ ಸ್ಮರಣೆ ಅದಕ್ಕಿಂತಲೂ ದೊಡ್ಡದು. 107ನೇ ಅಧ್ಯಾಯವಾದ ಅಲ್ ಮಾಊನ್ ಇನ್ನೂ ಮುಂದಕ್ಕೆ ಹೋಗಿ, ತಮ್ಮ ನಮಾಝಿನ ಬಗ್ಗೆ ಅಲಕ್ಷ್ಯವಿರುವ ನಮಾಝಿಗಳಿಗೆ ವಿನಾಶವಿದೆ ಎನ್ನುತ್ತದೆ. ಅವರು ಯಾರೆಂದು ಹೇಳುವಾಗ ತೋರಿಕೆಗೆ ಮಾಡುವವರು ಮತ್ತು ಚಿಕ್ಕಪುಟ್ಟ ನೆರವನ್ನೂ ಕೊಡದವರು ಎನ್ನುತ್ತದೆ. ಕೊಡಲಿ, ಪಾತ್ರೆ, ನೀರು ಸೇದುವ ಬಕೆಟ್ಟಿನಂಥ ನೆರೆಹೊರೆಯವರು ಕೇಳಿ ಒಯ್ಯುವ ವಸ್ತುಗಳು ಅವು ಎಂದು ಇಬ್ನು ಮಸ್‌ಊದ್ ವಿವರಿಸಿದ್ದಾರೆ. ಈ ಅಧ್ಯಾಯದ ಆರಂಭದಲ್ಲಿ ಇರುವವನು ಅನಾಥನನ್ನು ದೂಡುವವನು. ಹೀಗೆ ಅಲಕ್ಷ್ಯ ಎಂಬುದಕ್ಕೆ ಕುರ್‌ಆನ್ ಕೊಡುವ ಅರ್ಥ, ಮೂರನೆಯ ರಕಅತ್ತೋ ನಾಲ್ಕನೆಯದೋ ಎಂದು ಮರೆಯುವುದಕ್ಕಿಂತ ಬಹಳ ಬೇರೆಯಾದದ್ದು. ಆ ವಚನದಲ್ಲಿರುವುದು ‘ನಮಾಝಿನೊಳಗೆ’ ಅಲಕ್ಷ್ಯ ಎಂದಲ್ಲ, ‘ನಮಾಝಿನ ಬಗ್ಗೆ’ ಅಲಕ್ಷ್ಯ ಎಂದು ಎಂಬುದನ್ನು ಹಿಂದಿನವರೇ ಗುರುತಿಸಿ ನೆಮ್ಮದಿಯ ನಿಟ್ಟುಸಿರು ಬಿಟ್ಟಿದ್ದಾರೆ.

ನಮಾಝಿನ ನಡುವೆ ಲೋಕದ ವಿಷಯ ನೆನಪಾದರೆ ಅದೆಲ್ಲ ಹಾಳೇ ಎಂದೂ ಹೇಳಲಾಗದು ಎಂಬುದಕ್ಕೆ ಬುಖಾರಿಯಲ್ಲಿ ಉಕ್ಬಾ ಬಿನ್ ಹಾರಿಸ್ ವರದಿ ಮಾಡಿದ ಒಂದು ಘಟನೆ ಇದೆ. ಮದೀನಾದಲ್ಲಿ ಒಂದು ದಿನ ಅಸ್ರ್ ನಮಾಝಿನ ಸಲಾಂ ಹೇಳಿದೊಡನೆ ಪ್ರವಾದಿಯವರು ಥಟ್ಟನೆ ಎದ್ದು, ಸಾಲುಗಳಲ್ಲಿ ಕೂತವರನ್ನು ದಾಟಿಕೊಂಡು ಮನೆಯೊಳಗೆ ಹೋದರು. ಅವರ ಅವಸರ ಕಂಡು ಜನ ಗಾಬರಿಯಾದರು. ಹೊರಬಂದ ಪ್ರವಾದಿಯವರು, ಮನೆಯಲ್ಲಿ ಚಿನ್ನದ ಒಂದು ತುಂಡು ಉಳಿದಿರುವುದು ನಮಾಝಿನಲ್ಲಿದ್ದಾಗ ನೆನಪಾಯಿತು, ಅದು ತನ್ನ ಬಳಿ ಉಳಿಯುವುದು ಬೇಡವೆನಿಸಿ ಹಂಚಿಬಿಡಲು ಹೇಳಿ ಬಂದೆ ಎಂದರು.